ಹಕ್ಕಿಗಳಿಗೆ ನೆನಪಿದ್ದ ಅಳಿಯ

ಅತ್ತೆ ದೋಣಿ ಹತ್ತುವವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಕಟ್ಟೆಯ ಕೊನೆಯ ಮೆಟ್ಟಿಲಿನಿಂದ ಅಲುಗುವ ಹಲಗೆಯ ಮೇಲೆ ಪಾದ ಊರುವ ಆ ಒಂದು ಗಳಿಗೆಯಲ್ಲೇ ಅವರಿಗೆ ಬೇಕಾದದ್ದೆಲ್ಲ ತಿಳಿದುಬಿಡುತ್ತಿತ್ತು. "ನೀವು ಎಡಕ್ಕೆ. ನೀವು ನಡುವೆ, ಮಗೂನ ಮಡಿಲಲ್ಲಿ ಕೂರಿಸ್ಕೊಳ್ಳಿ. ನೀವು ಮುಂದೆ ಹೋಗಿ, ಆದ್ರೆ ಎದ್ದು ನಿಲ್ಲಬೇಡಿ, ನಿಮ್ಮ ಕಾಲಿಗೆ ಧೈರ್ಯ ಜಾಸ್ತಿ." ಎಂಥ ದೊಡ್ಡ ಮನುಷ್ಯರಾದರೂ ಎದುರಾಡದೆ ಹೇಳಿದಲ್ಲಿ ಕೂರುತ್ತಿದ್ದರು.

ಅಳಿಯ ಮೊದಲ ಸಲ ಆ ದೋಣಿಗೆ ಕಾಲಿಟ್ಟಾಗ ಅವರು ಅವನ ಪಾದವನ್ನು ನೋಡಿ, ತುಟಿ ಬಿಗಿಹಿಡಿದು, "ಅಳಿಯಂದ್ರು ಹಿಂದೆ, ಎಂಜಿನ್ ಪಕ್ಕ" ಎಂದರು. ಎಂಜಿನ್ನಿನ ಪಕ್ಕ ಅದುವರೆಗೆ ಇದ್ದದ್ದು ಒಂದು ಮರಳಿನ ಚೀಲ, ದೋಣಿ ಸಮತೂಕಕ್ಕೆಂದು ಇಟ್ಟದ್ದು. ಟಿಕೆಟ್ ಕೊಡುತ್ತಿದ್ದ ನಾದಿನಿ ಬಂದು ಅದನ್ನು ಕಟ್ಟೆಯ ಮೇಲಕ್ಕೆ ಎಳೆದುಹಾಕಿ, "ನಿಮಗೋಸ್ಕರ ಜಾಗ ಬಿಟ್ಟುಕೊಟ್ಟಿದೆ ಭಾವ, ಕೂತ್ಕೊಳ್ಳಿ" ಎಂದಳು. ಹೊಸ ಅಳಿಯನಿಗೆ ಸಿಕ್ಕ ಮರ್ಯಾದೆ ಇದು: ಮರಳಿನ ಚೀಲದ ಬದಲಿ. ಇದರ ಹಿಂದೆ ಏನೋ ಇದೆ ಎಂದು ಅವನಿಗೆ ಆಗಲೇ ಅನುಮಾನ ಬಂತು.

ಅನುಮಾನ ಬರುವುದು ಅವನ ಕಸುಬಾಗಿತ್ತು. ನಗರದ ಒಂದು ದೊಡ್ಡ ಅಂಗಡಿಯಲ್ಲಿ ಅವನು ಸಂಬಳಕ್ಕಿದ್ದ. ಕಿಟಕಿಯಿಲ್ಲದ ಕೋಣೆಯಲ್ಲಿ, ಗೋಡೆ ತುಂಬ ಪರದೆಗಳ ಮುಂದೆ ಕೂತು, ಸೋಪನ್ನು ಯಾರು ಬುಟ್ಟಿಗೆ ಹಾಕುತ್ತಾರೆ, ಯಾರು ಅಂಗಿಯೊಳಕ್ಕೆ ಇಳಿಬಿಡುತ್ತಾರೆ ಎಂದು ದಿನವಿಡೀ ನೋಡುವುದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತನ್ನ ಮದುವೆಯ ವಿಡಿಯೋ ನೋಡುವಾಗಲೂ ಅವನ ಕಣ್ಣು ಮೊದಲು ಹೋದದ್ದು ನೆಂಟರ ಕೈಗಳ ಕಡೆಗೆ. ಇಷ್ಟೆಲ್ಲ ಮಾಡಿ ಎಷ್ಟು ಕಳ್ಳರನ್ನು ಹಿಡಿದಿದ್ದ ಎಂದು ಮಾತ್ರ ಕೇಳಬಾರದು. ಅವನ ಹೆಸರು ಅಂಗಡಿಯಲ್ಲೆಲ್ಲ ಓಡಾಡಿದ್ದು ಒಂದೇ ಸಲ, ತನ್ನದೇ ಛತ್ರಿಯನ್ನು ಚೀಲಕ್ಕೆ ತುರುಕಿಕೊಳ್ಳುತ್ತಿದ್ದ ಮ್ಯಾನೇಜರರ ತಾಯಿಯನ್ನು ಬಾಗಿಲಲ್ಲಿ ತಡೆಸಿದಾಗ. ಈ ಬೇಸಿಗೆ ಅಂಗಡಿಯ ಮಾಳಿಗೆ ಸೋರಿ, ರಿಪೇರಿಗೆಂದು ಬಾಗಿಲು ಹಾಕಿದಾಗ ಅವನನ್ನು ಎಲ್ಲರಿಗಿಂತ ಮೊದಲು ರಜೆಯ ಮೇಲೆ ಕಳಿಸಿದ್ದರು. ಹೆಂಡತಿ ಖುಷಿಯಿಂದ, "ಒಳ್ಳೇದೇ ಆಯ್ತು ಕಣ್ರೀ, ಅಮ್ಮನಿಗೆ ಸೀಸನ್‌ನಲ್ಲಿ ಕೈ ಸಾಲೋದಿಲ್ಲ, ಹೋಗೋಣ" ಎಂದು ಚೀಲ ಕಟ್ಟಿದ್ದಳು.

ಅತ್ತೆಯ ಮನೆ ಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿಗಳಿಗಿಂತ ಲೈಫ್ ಜಾಕೆಟ್ಟುಗಳು ಹೆಚ್ಚು. ಸ್ನಾನದ ಮನೆಯಲ್ಲಿ ಬಕೆಟ್ಟಿನ ಪಕ್ಕ ಎಂಜಿನ್ನಿನ ಬಿಡಿಭಾಗಗಳು ಎಣ್ಣೆಯಲ್ಲಿ ನೆನೆಯುತ್ತಿದ್ದವು. ದೋಣಿ ಮೊದಲು ಮಾವನದು, ಮೀನಿಗೆ ಹೋಗುತ್ತಿದ್ದದ್ದು. ಆಗ ಅತ್ತೆ ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಐಸ್ ಒಡೆಯುತ್ತಿದ್ದರು. ಬೆರಳ ತುದಿಗಳಿಗೆ ಈಗಲೂ ಬಿಸಿ ಲೋಟ ಸುಡುವುದು ತಿಳಿಯುವುದಿಲ್ಲ. ಒಂದು ವರ್ಷ ಬಲೆ ಎಳೆಯುವಾಗ ಹಗ್ಗ ಸುತ್ತಿಕೊಂಡು ಮಾವನ ಬಲಭುಜ ಕಳಚಿತು, ಮತ್ತೆ ಸರಿಯಾಗಿ ಕೂರಲಿಲ್ಲ. ದೋಣಿ ಮಾರುವ ಮಾತು ಬಂದಾಗ ಅತ್ತೆ ಐಸಿನ ಸುತ್ತಿಗೆಯನ್ನು ಶೆಡ್ಡಿಗೆ ವಾಪಸು ಕೊಟ್ಟು ಬಂದು, "ನೀವು ದಡದಲ್ಲಿ ನಿಂತು ಬೈತಾ ಇರಿ, ನಾನು ಕಲೀತೀನಿ" ಎಂದರಂತೆ. ಮಾವ ಗಂಟಲು ಕಟ್ಟುವವರೆಗೂ ಬೈದರು, ಅವರು ಕಲಿತರು. ಮೊದಮೊದಲು ಎದುರು ದಡದ ಕಾರ್ಖಾನೆಯವರನ್ನು ದಾಟಿಸುತ್ತಿದ್ದರು. ಸೇತುವೆ ಬಂದ ಮೇಲೆ ಆ ಕೆಲಸ ಹೋಯಿತು. ಆಮೇಲೆ ಹಿಡಿದದ್ದು ಇದು: ಬೇಸಿಗೆಯಲ್ಲಿ ಬರುವವರಿಗೆ ಅಳಿವೆಯ ನೀರುನಾಯಿ, ಹೊರಗಡಲಿನ ಡಾಲ್ಫಿನ್, ಮರಳ ದಿಬ್ಬದ ಮೇಲೆ ಮೊಟ್ಟೆಯಿಡುವ ಸಣ್ಣ ಬಿಳಿ ಹಕ್ಕಿಗಳನ್ನು ದೂರದಿಂದ ತೋರಿಸುವುದು. ಅದಕ್ಕೆ ಬಂದರು ಕಚೇರಿಯ ಪರವಾನಗಿ ಬೇಕು. ಅದಿಲ್ಲದಿದ್ದರೆ ದೋಣಿ ಬರೀ ಹಲಗೆ.

ತೋರಿಸುವುದರಲ್ಲಿ ಅತ್ತೆಯದು ವಿಚಿತ್ರ ರೀತಿ. ಬೇರೆ ದೋಣಿಯವರು "ಅಲ್ನೋಡಿ, ಅಲ್ನೋಡಿ" ಎಂದು ಕೂಗಿಕೊಂಡು ಪ್ರಾಣಿಯ ಮೈಮೇಲೆ ಹೋಗುತ್ತಿದ್ದರೆ ಇವರು ದೂರದಲ್ಲೇ ಎಂಜಿನ್ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದರು. ಕೈ ಎತ್ತಿ ತೋರಿಸುತ್ತಲೂ ಇರಲಿಲ್ಲ.

"ಇನ್ನೂ ಸ್ವಲ್ಪ ಹತ್ರ ಹೋಗಿಮ್ಮಾ, ಫೋಟೋ ಬರಲ್ಲ" ಎಂದು ಒಬ್ಬರು ಗೋಗರೆದಾಗ ಅತ್ತೆ ಹೇಳಿದರು, "ಅದು ಈಗ ಏನ್ಮಾಡ್ತಿದೆ?"

"ಮೀನು ತಿಂತಿದೆ."

"ನಿಮ್ಮನ್ನ ನೋಡ್ತಿದ್ಯಾ?"

"ಇಲ್ಲ."

"ಹಾಗಾದ್ರೆ ನಾವು ಸರಿಯಾದ ಜಾಗದಲ್ಲಿದ್ದೀವಿ. ಅದು ತಲೆ ಎತ್ತಿ ನಿಮ್ಮನ್ನ ನೋಡ್ತು ಅಂದ್ರೆ ಹತ್ರ ಬಂದ್ವಿ ಅಂತ. ಅದಕ್ಕೆ ನಮ್ಮ ನೆನಪೇ ಇರಬಾರದು ಸ್ವಾಮಿ. ನಾವು ಮಾತ್ರ ನೆನಪಿಟ್ಕೊಂಡು ಮನೆಗೆ ಹೋಗಬೇಕು."

ಅಳಿಯ ಇದನ್ನೆಲ್ಲ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ನೀರುನಾಯಿ ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ದೋಣಿ ಕಟ್ಟೆ ಬಿಟ್ಟು ಅಳಿವೆಯ ಬಾಯಿಗೆ ಬರುವಷ್ಟರಲ್ಲಿ ಅವನ ಹೊಟ್ಟೆ ತೊಳಸತೊಡಗುತ್ತಿತ್ತು. ಅದೇ ಹೊತ್ತಿಗೆ ಅಂಗಿಯೊಳಗೆ ಅತ್ತೆ ಕಟ್ಟಿಕೊಟ್ಟ ಪೊಟ್ಟಣ ಬೆಚ್ಚಗೆ ಕೂತಿರುತ್ತಿತ್ತು: ಬೆಣ್ಣೆ ಸವರಿದ ದಪ್ಪ ದಪ್ಪ ಬ್ರೆಡ್ಡು, ನಡುವೆ ಹೆಚ್ಚಿದ ಮೊಟ್ಟೆ. ಬೆಳಿಗ್ಗೆ ಮನೆಯಲ್ಲಿ ತಿಂಡಿ ತಿನ್ನಿಸಿದ ಮೇಲೂ "ದಾರೀಲಿ ತಿನ್ನಿ ಅಳಿಯಂದ್ರೆ, ಗಾಳಿಗೆ ಹಸಿವಾಗುತ್ತೆ" ಎಂದು ದಿನವೂ ಕೊಡುತ್ತಿದ್ದರು. ಅದರ ವಾಸನೆಗೇ ಅವನ ಕರುಳು ಮಗುಚುತ್ತಿತ್ತು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಕಡಲ ಮನೆಗೆ ಅಳಿಯನಾಗಿ ಬಂದು ಹೊಟ್ಟೆ ತೊಳಸುತ್ತದೆ ಎಂದು ಹೇಳಿಕೊಂಡರೆ ನಾದಿನಿ ಅವನನ್ನು ಬದುಕಲು ಬಿಟ್ಟಾಳೆ? ವಾಪಸು ಒಯ್ದರೆ ಅತ್ತೆಗೆ ಬೇಜಾರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಲ್ಲಿ ಅವನ ಕಸುಬು ಕೈಹಿಡಿಯಿತು. ಸಿಕ್ಕಿಬೀಳುವ ಕಳ್ಳರೆಲ್ಲ ಒಂದೇ ತಪ್ಪು ಮಾಡುವುದನ್ನು ಅವನು ಪರದೆಯ ಮೇಲೆ ಸಾವಿರ ಸಲ ನೋಡಿದ್ದ: ಕೈ ಕೆಲಸ ಮಾಡುವಾಗ ಕಣ್ಣು ಅದರ ಹಿಂದೆ ಹೋಗುತ್ತದೆ. ಇವನು ಆ ತಪ್ಪು ಮಾಡಲಿಲ್ಲ. ಮುಖ ಮುಂದಕ್ಕೆ ಇಟ್ಟುಕೊಂಡು, ಡಾಲ್ಫಿನ್ ಕಂಡವನಂತೆ ನಗುತ್ತ, ಎಡಗೈಯನ್ನು ಬೆನ್ನ ಹಿಂದೆ ಇಳಿಬಿಟ್ಟು ಬ್ರೆಡ್ಡನ್ನು ಚೂರು ಚೂರಾಗಿ ನೀರಿಗೆ ಬಿಡುತ್ತಿದ್ದ. ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಬಂದರಿಗೆ ಮರಳಿ ಖಾಲಿ ಕಾಗದ ಅತ್ತೆಯ ಕೈಗಿಟ್ಟು "ಚೆನ್ನಾಗಿತ್ತು" ಎನ್ನುತ್ತಿದ್ದ. ಮರುದಿನ ಬ್ರೆಡ್ಡು ಇನ್ನೊಂದು ಸುತ್ತು ದಪ್ಪವಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯನ್ನು ಬಂದರು ಕಚೇರಿಗೆ ಕರೆಸಿದರು. ಮರಳಿ ಬಂದವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೀರು ಕುಡಿದು, ಎಲ್ಲರನ್ನೂ ಕರೆದರು.

"ನಮ್ಮ ಮೇಲೆ ದೂರು ಬಂದಿದೆ. ನಮ್ಮ ದೋಣಿಯಿಂದ ಯಾರೋ ಹಕ್ಕಿಗಳಿಗೆ ತಿನ್ನೋಕೆ ಹಾಕ್ತಿದ್ದಾರಂತೆ. ಕಡಲಹಕ್ಕಿಗಳು ಗುಂಪು ಗುಂಪಾಗಿ ನಮ್ಮ ಹಿಂದೇನೇ ಬರ್ತಿವೆಯಂತೆ."

"ಬರ್ತಿರೋದು ನಿಜಾನೇ ಅಲ್ವಾ ಅಮ್ಮಾ" ಎಂದಳು ಹೆಂಡತಿ. ದೋಣಿಯಲ್ಲಿ ಬಂದವರಿಗೆ ಜಾಕೆಟ್ ತೊಡಿಸಿ ಪ್ರಾಣಿಗಳ ವಿಷಯ ಹೇಳುವವಳು ಅವಳೇ.

"ಬರ್ತಿವೆ. ನಮ್ಮ ಹಿಂದೆ ದಿಬ್ಬದವರೆಗೂ ಬರ್ತವೆ, ಬಂದು ಆ ಸಣ್ಣ ಹಕ್ಕಿಗಳ ಮೊಟ್ಟೆ ಕುಕ್ಕಿ ತಿಂತವೆ. ಅರ್ಧ ದಿಬ್ಬ ಖಾಲಿಯಾಗಿದೆ. ನಾನೇ ನೋಡಿದೆ." ಅತ್ತೆ ಲೋಟವನ್ನು ಪಕ್ಕಕ್ಕಿಟ್ಟರು. "ಕಚೇರಿಯಿಂದ ಯಾರೋ ಒಬ್ಬರು ಪ್ರವಾಸಿ ವೇಷದಲ್ಲಿ ಬರ್ತಾರಂತೆ. ಯಾವತ್ತು ಅಂತ ಹೇಳಲ್ಲ. ಕಣ್ಣಿಗೆ ಬಿದ್ರೆ ಪರವಾನಗಿ ಹೋಯ್ತು."

ಮಾವ ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ಗೋಡೆಗೆ ಒರಗಿದರು. ಅಳಿಯನ ಎದೆ ಮಾತ್ರ ಉಬ್ಬಿತು. ಇಷ್ಟು ದಿನ ಮರಳಿನ ಚೀಲವಾಗಿದ್ದವನಿಗೆ ಕೊನೆಗೂ ಕೆಲಸ ಸಿಕ್ಕಿತ್ತು.

"ಅತ್ತೆ, ಇದನ್ನ ನನಗೆ ಬಿಡಿ" ಎಂದ. "ಕಳ್ಳನ್ನ ನಾನು ಹಿಡೀತೀನಿ."

"ಕ್ಯಾಮೆರಾ ಭಾವ ಇದ್ದಾರೆ, ಇನ್ನೇನು ಭಯ" ಎಂದಳು ನಾದಿನಿ.

ಮರುದಿನದಿಂದ ಅವನು ಯಾರನ್ನೂ ನಂಬಲಿಲ್ಲ. ದೊಡ್ಡ ಕೈಚೀಲದ ಹೆಂಗಸರು, ಜೇಬು ಉಬ್ಬಿದ ಗಂಡಸರು, ಬಿಸ್ಕತ್ತು ಹಿಡಿದ ಮಕ್ಕಳು, ಎಲ್ಲರ ಕೈಯ ಮೇಲೂ ಅವನ ಕಣ್ಣು. ಎಂಜಿನ್ನಿನ ಗದ್ದಲದ ಮೇಲೂ ಹಕ್ಕಿಗಳ ಕಿರುಚಾಟ ಕೇಳಿದಾಗ, 'ಹಾಕಿದ, ಯಾವನೋ ಹಾಕಿದ' ಎಂದು ಹಲ್ಲು ಕಡಿಯುತ್ತ ಮುಂದಿನ ಸಾಲುಗಳನ್ನು ಒಂದೊಂದಾಗಿ ಶೋಧಿಸುತ್ತಿದ್ದ. ಆ ಹೊತ್ತಿನಲ್ಲೂ ಎಡಗೈ ತನ್ನ ಪಾಡಿಗೆ ತಾನು ಬ್ರೆಡ್ಡು ಚೂರು ಮಾಡುತ್ತಲೇ ಇತ್ತು. ತಿನ್ನೋಕೆ ಹಾಕುವುದು ಎಂದರೆ ಅವನ ಲೆಕ್ಕದಲ್ಲಿ ಮೀನು ಎಸೆಯುವುದು, ಹಕ್ಕಿ ಕರೆಯುವುದು. ಅವನದು ಎಸೆಯುವುದಲ್ಲ, ಅತ್ತೆಯ ಮರ್ಯಾದೆ ಉಳಿಸುವುದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅವನು ಹುಡುಕಿದ.

ಮೊದಲು ಅನುಮಾನ ಬಂದದ್ದು ಬಿಳಿಟೋಪಿಯ ಮೇಲೆ. ಪಕ್ಕದ ದೋಣಿಯವನು, ಅತ್ತೆಗೂ ಅವನಿಗೂ ಹಳೆಯ ಜಿದ್ದು. ತನ್ನ ಕಡೆಯವರನ್ನು ಪ್ರವಾಸಿಗಳೆಂದು ಕಳಿಸುತ್ತಿದ್ದಾನೆಯೇ ಎಂದು ಅಳಿಯ ಚಹಾ ಅಂಗಡಿಯಲ್ಲಿ ಅವನ ಬೆನ್ನಿಗೆ ಕೂತು ಕಿವಿಗೊಟ್ಟ. ಬಿಳಿಟೋಪಿ ತನ್ನ ಮೊಣಕಾಲು ನೋವಿನ ಬಗ್ಗೆ ಒಂದು ಗಂಟೆ ಮಾತಾಡಿದ.

ಆಮೇಲೆ ಮಾವ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಬ್ಬರೇ ಕಟ್ಟೆಯ ಕಡೆ ಹೋಗುವುದನ್ನು ಅಳಿಯ ಗಮನಿಸಿದ. ಹಿಂಬಾಲಿಸಿದ. ಕಟ್ಟಿಹಾಕಿದ್ದ ದೋಣಿಯಲ್ಲಿ ಮಾವ ಅತ್ತೆಯ ಜಾಗದಲ್ಲಿ ಕೂತು, ಎಡಗೈಯಲ್ಲಿ ಚುಕ್ಕಾಣಿ ಚಕ್ರವನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತ, ಇಲ್ಲದ ಅಲೆಗಳನ್ನು ಬೈಯುತ್ತಿದ್ದರು. ಅಳಿಯ ಹಗ್ಗದ ಸುರುಳಿಯ ಹಿಂದೆ ಅಡಗಿ ಕೂತಿದ್ದಕ್ಕೆ ತನಗೆ ತಾನೇ ನಾಚಿಕೊಂಡು ವಾಪಸು ಬಂದ. ನಾಚಿಕೆ ತಿಂಡಿಯ ಹೊತ್ತಿಗೆ ಕಳೆಯಿತು. ಅನುಮಾನ ಕಳೆಯಲಿಲ್ಲ.

ವಿಚಿತ್ರವೆಂದರೆ ಆ ಹೊತ್ತಿಗೆ ಮನೆಯವರೂ ಅವನನ್ನು ಒಂಥರಾ ನೋಡತೊಡಗಿದ್ದರು. ಅವನು ಒಳಗೆ ಬಂದರೆ ಅಡುಗೆಮನೆಯ ಮಾತು ನಿಲ್ಲುತ್ತಿತ್ತು. ಒಂದು ಸಂಜೆ ಹೆಂಡತಿ ಬಟ್ಟೆ ಮಡಚುತ್ತ ಕೇಳಿಯೇಬಿಟ್ಟಳು.

"ರೀ, ಬೇಜಾರು ಮಾಡ್ಕೋಬೇಡಿ. ಆ ದೂರು... ನೀವೇನಾದ್ರೂ ಕೊಟ್ರಾ?"

"ನಾನಾ?"

"ನೀವು ಬಂದ್ಮೇಲೇ ಶುರುವಾಗಿದ್ದು. ನಿಮಗೆ ಎಲ್ಲದರ ಮೇಲೂ ಕಣ್ಣು. ಆ ಚೀಲದ ಜಾಗದಲ್ಲಿ ಕೂರಿಸಿದ್ದಕ್ಕೆ ಕೋಪಾನೂ ಇತ್ತು."

"ನಿಮ್ಮಮ್ಮಂಗೂ ಹಾಗೇ ಅನ್ನಿಸಿದ್ಯಾ?"

"ಅಮ್ಮ ಏನೂ ಹೇಳಿಲ್ಲ. ಅಪ್ಪ ಹೇಳಿದ್ರು, 'ತಾ ಕಳ್ಳ ಪರರ ನಂಬ' ಅಂತ. ಯಾರಿಗೆ ಹೇಳಿದ್ರೋ ಗೊತ್ತಿಲ್ಲ."

ಆ ರಾತ್ರಿ ಅಳಿಯ ಊಟ ಬಿಟ್ಟ. ಹಸಿವೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಅಧಿಕಾರಿ ಬಂದ ದಿನ ಅವನು ನೋಡಿದ ಕೂಡಲೇ ಗುರುತಿಸಿದ. ಅಗಲ ಟೋಪಿ, ಕುತ್ತಿಗೆಗೆ ದುರ್ಬೀನು, ಯಾರೊಂದಿಗೂ ಮಾತಿಲ್ಲದ ಒಬ್ಬ ಗಡ್ಡದವನು ದೋಣಿ ಹತ್ತಿದ. ಇವನೇ. ಅಳಿಯ ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಇವತ್ತು ಒಂದು ಚೂರೂ ನೀರಿಗೆ ಬೀಳಬಾರದು, ಹಾಕುವ ಕೈಯನ್ನು ಗಾಳಿಯಲ್ಲೇ ಹಿಡಿಯಬೇಕು ಎಂದು ಎರಡೂ ಕೈಯನ್ನು ಮೊಣಕಾಲ ಮೇಲೆ ಸಜ್ಜಾಗಿ ಇಟ್ಟುಕೊಂಡು ಕೂತ. ಆ ಭರದಲ್ಲಿ ತನ್ನ ಬ್ರೆಡ್ಡನ್ನು ಮರೆತ. ಪೊಟ್ಟಣ ಅಂಗಿಯೊಳಗೇ ಉಳಿಯಿತು.

ಅಳಿವೆಯ ಬಾಯಿ ದಾಟಿದ ಮೇಲೆ ಹಕ್ಕಿಗಳು ಬಂದವು. ಎಂದಿನ ಜಾಗ, ಎಂದಿನ ಹೊತ್ತು. ಹಿಂದೆ ಹಾರುತ್ತ ಸ್ವಲ್ಪ ಹೊತ್ತು ಕಾದವು. ಏನೂ ಬೀಳಲಿಲ್ಲ. ಅವುಗಳ ದನಿ ಬದಲಾಯಿತು. ಬಾಕಿ ಕೇಳಲು ಬಂದವರ ದನಿ. ಅಳಿಯ ಮುಂದಿನ ಸಾಲುಗಳ ಕೈ ನೋಡುತ್ತಿದ್ದ. ಮುಂದಿನ ಸಾಲುಗಳವರೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ಅವನನ್ನು ನೋಡತೊಡಗಿದರು. ಕಾಲು ಸೊಟ್ಟಗಿದ್ದ ಒಂದು ಮುದಿ ಹಕ್ಕಿ ಎಂಜಿನ್ನಿನ ಮುಚ್ಚಳದ ಮೇಲೆ ಇಳಿಯಿತು. ಇನ್ನೊಂದು ಹಲಗೆಯ ಅಂಚಿಗೆ. ಮುದಿ ಹಕ್ಕಿ ಅವನ ಎಡಗೈಯನ್ನು ಒಮ್ಮೆ ಕುಕ್ಕಿತು, ನಿದ್ದೆಯಿಂದ ಎಬ್ಬಿಸುವವರ ಹಾಗೆ. ಅವನು ಬೆಚ್ಚಿಬಿದ್ದದ್ದೇ ತಡ, ಅದು ಅಂಗಿಯ ಗುಂಡಿಗಳ ಸಂದಿಗೆ ಕೊಕ್ಕು ತೂರಿಸಿ ಪೊಟ್ಟಣದ ತುದಿ ಹಿಡಿದು ಎಳೆಯಿತು. ಕಾಗದ ಹರಿಯಿತು. ಬ್ರೆಡ್ಡು, ಬೆಣ್ಣೆ, ಮೊಟ್ಟೆ ಎಲ್ಲ ಅವನ ಮಡಿಲಿಗೆ. ಮರುಕ್ಷಣ ಅವನು ಕಾಣಲಿಲ್ಲ, ಬರೀ ರೆಕ್ಕೆಗಳು ಕಂಡವು.

ಅತ್ತೆ ಎಂಜಿನ್ ನಿಲ್ಲಿಸಿದರು.

ರೆಕ್ಕೆಗಳು ಚದುರಿದ ಮೇಲೆ, ತಲೆಗೂದಲಲ್ಲಿ ಮೊಟ್ಟೆಯ ಚೂರು ಇಟ್ಟುಕೊಂಡು ಅಳಿಯ ಮೊದಲು ನೋಡಿದ್ದು ಗಡ್ಡದವನನ್ನು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಪಕ್ಕ, ಹೊರಟಾಗಿನಿಂದ ಬಾಯಿ ತೆರೆದು ತೂಕಡಿಸುತ್ತಿದ್ದ ದಪ್ಪ ಕನ್ನಡಕದ ಹೆಂಗಸು ನೆಟ್ಟಗೆ ಕೂತು, ಕೈಚೀಲದಿಂದ ಬಂದರು ಕಚೇರಿಯ ಗುರುತಿನ ಚೀಟಿ ತೆಗೆದಳು.

ಕಟ್ಟೆಗೆ ಬಂದು ಎಲ್ಲರೂ ಇಳಿದ ಮೇಲೆ ಆಕೆ ಕೇಳಿದಳು, "ಇವರು ನಿಮ್ಮ ಕೆಲಸದವರಾ? ಇಲ್ಲಾ ಬಂದು ಹೋಗೋ ನೆಂಟರಾ? ನೆಂಟರು ಅಂದ್ರೆ ಇವರ ಮೇಲಷ್ಟೇ ಕೇಸು. ದೋಣಿಗೆ ಏನೂ ಆಗಲ್ಲ."

ಒಂದು ಮಾತು ಸಾಕಿತ್ತು. ನೆಂಟ ಎಂದರೆ ಸುಳ್ಳೂ ಅಲ್ಲ. ಅಳಿಯ ಕೈ ಎತ್ತಿ "ನಾನು ನೆಂಟ, ಬರೀ ನೆಂಟ" ಎನ್ನಲು ಹೊರಟ.

"ಸುಮ್ನಿರಿ" ಎಂದರು ಅತ್ತೆ. ಆಮೇಲೆ ಅಧಿಕಾರಿಗೆ, "ನನ್ನ ಮಗಳ ಗಂಡ. ನನ್ನ ದೋಣೀಲಿ ನಾನು ಕೂರಿಸಿದ ಜಾಗದಲ್ಲಿ ಕೂತಿದ್ದಾನೆ. ಬ್ರೆಡ್ಡು ಕಟ್ಟಿಕೊಟ್ಟೋಳೂ ನಾನೇ. ಇನ್ನು ಯಾರ ಹೆಸರು ಬರ್ಕೋತೀರಿ?" ಎಂದು, ಚುಕ್ಕಾಣಿಯ ಮೇಲೆ ತೂಗುಹಾಕಿದ್ದ ಪರವಾನಗಿಯನ್ನು ಕಳಚಿ ತಾವೇ ಕೊಟ್ಟರು.

ಅಧಿಕಾರಿ ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಕನ್ನಡಕ ಒರೆಸಿದಳು. "ಬೇಸಿಗೆ ಮುಗಿಯೋ ಮೊದಲು ಇನ್ನೊಂದ್ಸಲ ಬರ್ತೀನಿ. ಅಲ್ಲೀವರೆಗೆ ಪ್ರವಾಸಿಗಳನ್ನ ಹತ್ತಿಸೋ ಹಾಗಿಲ್ಲ. ಆವತ್ತೂ ಹಕ್ಕಿಗಳು ಹಿಂದೆ ಬಂದ್ರೆ ಇದನ್ನ ಮರೆತುಬಿಡಿ. ಅವು ಮರೆತಿದ್ರೆ ವಾಪಸ್ ಕೊಡ್ತೀನಿ" ಎಂದು ಪರವಾನಗಿಯನ್ನು ಕೈಚೀಲಕ್ಕೆ ಹಾಕಿಕೊಂಡಳು.

ಹೀಗೆ ಸೀಸನ್ನಿನ ನಡುವೆ, ಎಲ್ಲ ದೋಣಿಗಳೂ ತುಂಬಿ ಹೊರಡುತ್ತಿದ್ದಾಗ, ಒಂದು ದೋಣಿ ಮಾತ್ರ ದಿನವೂ ಇಬ್ಬರನ್ನೇ ಹೊತ್ತು ಹೊರಡತೊಡಗಿತು. ಮುಂದೆ ಅತ್ತೆ, ಹಿಂದೆ ಅಳಿಯ. ಹಕ್ಕಿಗಳಿಗೆ ಕಾಣುವ ಹಾಗೆ ಎರಡೂ ಕೈಗಳನ್ನು ಬಿಚ್ಚಿ, ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡು ಕೂರುವುದು ಅವನ ಕೆಲಸ. ನಾದಿನಿ ಕಟ್ಟೆಯಿಂದ ಕೂಗುತ್ತಿದ್ದಳು: "ಭಾವ, ನೀವು ಎಷ್ಟು ಬೇಗ ಮರೆತುಹೋಗ್ತೀರಿ ಅನ್ನೋದು ನಮಗೆ ಗೊತ್ತು, ಪಾಪ ಹಕ್ಕಿಗಳಿಗೆ ಗೊತ್ತಾಗಬೇಕಲ್ಲ!"

ಹಕ್ಕಿಗಳು ಬಿಡಲಿಲ್ಲ. ಬೈದವು, ಕುಕ್ಕಿದವು, ಅಂಗಿಯ ಮೇಲೆ ತಮ್ಮ ಅಭಿಪ್ರಾಯ ಬಿಟ್ಟುಹೋದವು. ಅವನು ಅಲುಗದೆ ಕೂತ. ಪರದೆಗಳ ಈಚೆ ಕೂತು ಜನರನ್ನು ನೋಡಿ ಅಭ್ಯಾಸವಾದವನಿಗೆ ಇಷ್ಟು ಕಣ್ಣುಗಳು ತನ್ನ ಕೈಯನ್ನೇ ನೋಡುವುದು ಹೊಸದು. ಛತ್ರಿಯ ಮುದುಕಿ ಅವನಿಗೆ ಆಗಾಗ ನೆನಪಾದಳು.

ಒಂದು ದಿನ, ಎಂಜಿನ್ ನಿಂತಿದ್ದಾಗ, ಅವನೇ ಬಾಯಿ ಬಿಟ್ಟ. "ಅತ್ತೆ, ಬ್ರೆಡ್ಡು ಚೆನ್ನಾಗಿರಲಿಲ್ಲ ಅಂತಲ್ಲ. ನನಗೆ ನೀರಿನ ಮೇಲೆ ಹೊಟ್ಟೆ ತೊಳಸುತ್ತೆ."

"ಗೊತ್ತು."

"ಗೊತ್ತಾ?"

"ಮೊದಲನೇ ದಿನ ನಿಮ್ಮ ಕಾಲು ನೋಡಿದಾಗಲೇ ಗೊತ್ತಾಯ್ತು. ಹಲಗೆ ಅಲುಗೋಕೆ ಮುಂಚೆ ಬೆರಳು ಮಡಚ್ಕೊಂಡ್ರಿ. ಅದಕ್ಕೇ ಹಿಂದೆ ಕೂರಿಸಿದ್ದು, ಮುಂದಿನಷ್ಟು ಅಲ್ಲಿ ಎತ್ತಿ ಹಾಕಲ್ಲ. ಒಳ್ಳೇ ಜಾಗ ಅಂತ ಅಲ್ಲಿದ್ದ ಚೀಲಾನೇ ಇಳಿಸೋಕೆ ಹೇಳಿದೆ."

ಅಳಿಯ ತನ್ನ ತೆರೆದ ಅಂಗೈಗಳನ್ನು ನೋಡಿಕೊಂಡ. "ಮತ್ತೆ ಬ್ರೆಡ್ಡು ಯಾಕೆ ಕಟ್ತಿದ್ರಿ?"

"ಕಟ್ಟದಿದ್ರೆ ಅತ್ತೆ ಸರಿಯಾಗಿ ನೋಡ್ಕೊಳ್ಳಲ್ಲ ಅಂತ ನೀವು ಬೇಜಾರು ಮಾಡ್ಕೋತೀರಿ ಅಂತ. ಖಾಲಿ ಕಾಗದ ಬೇರೆ ತಂದು ಕೊಡ್ತಿದ್ರಿ. ಕಾಲು ನೋಡಿದ್ದು ತಪ್ಪಾಯ್ತೇನೋ, ಮನುಷ್ಯ ಗಟ್ಟಿ ಇದ್ದಾನೆ ಅಂದ್ಕೊಂಡೆ." ಅತ್ತೆ ದಿಬ್ಬದ ಕಡೆ ನೋಡಿದರು. "ಇಬ್ಬರೂ ಸೇರಿ ಮರ್ಯಾದೆ ಮಾಡಿ ಮಾಡಿ ಆ ಸಣ್ಣ ಹಕ್ಕಿಗಳ ಮೊಟ್ಟೆ ಕಳೆದ್ವಿ. ನಾಳೆಯಿಂದ ಬೇಡ ಅನ್ನೋದಿದ್ರೆ ಬೇಡ ಅನ್ನಿ."

"ಬೇಡ" ಎಂದ ಅಳಿಯ. ಅಷ್ಟು ಸಣ್ಣ ಪದ. ಹೇಳಿದ ಮೇಲೆ ಹೊಟ್ಟೆ ಕೂಡ ಸ್ವಲ್ಪ ಹಗುರಾಯಿತು.

ಹಕ್ಕಿಗಳ ಗುಂಪು ದಿನದಿಂದ ದಿನಕ್ಕೆ ತೆಳುವಾಯಿತು. ಬರುವವು ಬಂದು, ಖಾಲಿ ಅಂಗೈ ನೋಡಿ, ಬೈಗುಳವನ್ನೂ ದಂಡ ಮಾಡದೆ ಹೊರಟುಬಿಡುತ್ತಿದ್ದವು. ಸೊಟ್ಟಗಾಲಿನ ಮುದಿ ಹಕ್ಕಿ ಮಾತ್ರ ಬಿಡದೆ ಬರುತ್ತಿತ್ತು.

ಅಧಿಕಾರಿ ಹೇಳಿದಂತೆ ಬಂದಳು, ಈ ಸಲ ತೂಕಡಿಸದೆ. ಮಾವನೂ ಬಂದು ನಡುವೆ ಕೂತರು. ಅಳಿವೆಯ ಬಾಯಿ ದಾಟಿದರು. ಎಂದಿನ ಜಾಗ. ಆಕಾಶ ಖಾಲಿ. ಅಳಿಯ ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಮುದಿ ಹಕ್ಕಿ ಎಲ್ಲಿಂದಲೋ ಬಂದು ಎಂಜಿನ್ನಿನ ಮುಚ್ಚಳದ ಮೇಲೆ ಇಳಿಯಿತು. ಅತ್ತೆಯ ಬೆನ್ನು ಬಿಗಿಯಾದದ್ದು ಹಿಂದಿನಿಂದಲೇ ಕಂಡಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡಳು.

ಹಕ್ಕಿ ತಲೆ ಓರೆ ಮಾಡಿ ಎಡಗೈ ನೋಡಿತು. ಬಲಗೈ ನೋಡಿತು. ಅಂಗಿಯ ಗುಂಡಿ ನೋಡಿತು. ಅಳಿಯ ತನ್ನನ್ನು ಯಾರಾದರೂ ಮರೆಯಲಿ ಎಂದು ಜೀವಮಾನದಲ್ಲಿ ಇಷ್ಟು ಬೇಡಿಕೊಂಡಿರಲಿಲ್ಲ. ಆಮೇಲೆ ಅದು ಅವನಿಗೆ ಬಾಲ ತಿರುಗಿಸಿ, ಮರದ ಗೂಟಕ್ಕೆ ಬೆನ್ನು ಹಾಕಿದಂತೆ ನಿಂತು, ಸ್ವಲ್ಪ ಹೊತ್ತು ಕಡಲು ನೋಡಿ, ಹಾರಿಹೋಯಿತು.

"ಇವರ ನೆನಪಿಲ್ಲ ಅದಕ್ಕೆ" ಎಂದು ಅಧಿಕಾರಿ ಕೈಚೀಲ ತೆರೆದಳು. ಪರವಾನಗಿಯನ್ನು ಅತ್ತೆ ತೆಗೆದುಕೊಳ್ಳಲಿಲ್ಲ, ಮಾವನ ಕಡೆ ತೋರಿಸಿದರು. ಮಾವ ಎಡಗೈಯಲ್ಲೇ ಅದನ್ನು ಚುಕ್ಕಾಣಿಯ ಮೇಲಿನ ಮೊಳೆಗೆ ತೂಗುಹಾಕಿದರು.

ಅಳಿಯ ಮಾತ್ರ, ಮೊದಲ ಸಲ, ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಮುದಿ ಹಕ್ಕಿ ದಿಬ್ಬದ ಕಡೆ ಹೋಗಲಿಲ್ಲ. ನೇರವಾಗಿ ಬಿಳಿಟೋಪಿಯ ದೋಣಿಯ ಹಿಂದೆ ಬಿತ್ತು. ಅಲ್ಲಿ ಆಗಲೇ ಏಳೆಂಟು ಹಕ್ಕಿಗಳು ಕಿರುಚಾಡುತ್ತಿದ್ದವು. ಎಂಜಿನ್ನಿನ ಪಕ್ಕ ಒಬ್ಬ ಬಿಳಿಚಿದ ಮುಖದ ಯುವಕ, ಮುಂದಕ್ಕೆ ನೋಡುತ್ತ, ಏನೋ ಕಂಡವನಂತೆ ನಗುತ್ತಿದ್ದ. ಅವನ ಒಂದು ಕೈ ಕಾಣುತ್ತಿರಲಿಲ್ಲ.

ಅಳಿಯನಿಗೆ ಅನುಮಾನ ಬಂತು.

ಅತ್ತೆಯೂ ಆ ಕಡೆಗೇ ನೋಡುತ್ತಿದ್ದರು. "ಅವರ ಮನೆಗೂ ಹೊಸ ಅಳಿಯ ಬಂದಿರಬೇಕು" ಎಂದು, ಅಧಿಕಾರಿ ಮತ್ತೆ ಹೆಸರು ಬರೆದುಕೊಳ್ಳುವ ಮೊದಲೇ ಚುಕ್ಕಾಣಿ ತಿರುಗಿಸಿ, ದೋಣಿಯನ್ನು ಅತ್ತ ಬಿಟ್ಟರು. "ಹೋಗಿ ಹೇಳಿ ಬರೋಣ. ಬೇಡ ಅನ್ನೋದು ಹೇಗೆ ಅಂತ ನೀವೇ ಹೇಳಿ."